ಮೆಕ್ಸಿಕೋದ ದೇವರಿಗೆ ಒಂದು ಹರಕೆ

ಹಾರ್ಲ್ಸ್‌ಡನ್, ಲಂಡನ್
೮ ಫೆಬ್ರವರಿ ೧೯೯೮

ಪ್ರೀತಿಯ ಲತಾ,

ಈ ವರ್ಷವೂ ಅತ್ತೂರು ಚರ್ಚಿನ ಜಾತ್ರೆಗೆ ಹೋಗಿ ನನ್ನ ಹೆಸರಿನಲ್ಲಿ ಮೊಂಬತ್ತಿ ಹಚ್ಚಿ ಬಂದೆ ಎಂದು ಬರೆದಿದ್ದೀಯ. ಜನಜಂಗುಳಿಯಲ್ಲಿ ಸೀರೆಯ ಸೆರಗು ಸುಟ್ಟುಕೊಂಡದ್ದನ್ನೂ ಬರೆದಿದ್ದೀಯ. ನಾನು ಇಲ್ಲಿ ಬೆಚ್ಚಗೆ ಕೂತಿರುವುದು, ನನ್ನ ಹರಕೆ ತೀರಿಸಲು ಹೋಗಿ ನಿನ್ನ ಸೆರಗು ಸುಡುವುದು. ನಮ್ಮ ಇಲ್ಲಿನ ಪಾದ್ರಿಗಳಿಗೆ ಇದನ್ನು ಹೇಳಿದರೆ ಯಾವ ಧರ್ಮದ ಲೆಕ್ಕಕ್ಕೆ ಹಾಕಬೇಕೆಂದು ತಿಳಿಯದೆ ಕಂಗಾಲಾಗುತ್ತಾರೆ.

ನನ್ನ ಸುದ್ದಿ ಹಳೆಯದೇ. ಪಾರ್ಕ್ ರಾಯಲ್‌ನ ಫ್ಯಾಕ್ಟರಿಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಇಡೀ ದಿನ ಬ್ರೆಡ್ಡಿಗೆ ಮೊಟ್ಟೆ ಬಳಿಯುವುದು. ಆದರೆ ಒಂದು ಹೊಸ ಸುದ್ದಿಯೂ ಉಂಟು. ಈಸ್ಟರ್ ರಜೆಗೆ ನಮ್ಮ ಚರ್ಚಿನ ಗಾಯನ ಮಂಡಳಿಯ ಕುಟುಂಬಗಳೆಲ್ಲ ಸೇರಿ ಮೆಕ್ಸಿಕೋಗೆ ಹೊರಟಿವೆ. ಕ್ಲಾರಿಸ್ಸಾ ಬಾಯಿ ಎಂದು ಒಬ್ಬರಿದ್ದಾರೆ, ಮಂಗಳೂರು ಪೇಟೆಯ ದೊಡ್ಡ ಮನೆತನದವರು, ಮಂಡಳಿಗೆ ಅವರೇ ಯಜಮಾನಿ. ಇಷ್ಟು ವರ್ಷ ನಮ್ಮನ್ನು ಕಂಡರೂ ಕಾಣದ ಹಾಗೆ ಇದ್ದವರು ಈ ಸಲ ತಾವಾಗಿ ಕರೆದರು. ಗಿಲ್ಬರ್ಟ್ ಓವರ್‌ಟೈಮ್ ಮಾಡಿಯಾದರೂ ಹೋಗೋಣ ಎಂದ.

ಅಲ್ಲಿ ಕಾಡಿನ ನಡುವೆ ಮಾಯಾ ಎಂಬ ಜನರು ಹಿಂದೆ ಕಟ್ಟಿದ ದೇವಸ್ಥಾನಗಳಿವೆಯಂತೆ, ಗುಡ್ಡದ ಹಾಗೆ ಎತ್ತರ, ಮೆಟ್ಟಿಲು ಹತ್ತಿ ತುದಿಗೆ ಹೋಗಬಹುದಂತೆ. ಜೋಯ್ಲಿನ್ ಲೈಬ್ರರಿಯಿಂದ ಪುಸ್ತಕ ತಂದು ಅಪ್ಪನಿಗೂ ನನಗೂ ಚಿತ್ರ ತೋರಿಸಿದಳು. ನಾವಿಬ್ಬರು ಗೊಮ್ಮಟ ಬೆಟ್ಟ ಓಡಿ ಹತ್ತುತ್ತಿದ್ದ ಧೈರ್ಯದಲ್ಲಿ ಹೂಂ ಅಂದಿದ್ದೇನೆ. ಮೊಣಕಾಲು ಮಾತ್ರ ಈಗ ಆಗಿನದ್ದಲ್ಲ.

ನಿನ್ನ ಯಜಮಾನರಿಗೆ, ನಮ್ಮ ವಾಸಣ್ಣನಿಗೆ, ಕೇಳಿದೆ ಎಂದು ಹೇಳು.

ನಿನ್ನ
ಲೂಯಿಜಾ


ಕಾರ್ಕಳ
೨೭ ಫೆಬ್ರವರಿ ೧೯೯೮

ಲೂಯಿಜಾ,

ಇವರ ವಿಷಯ ನಿನಗೆ ಬರೆಯಬಾರದು ಎಂದು ಎರಡು ಪತ್ರಗಳಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ. ದೀಪಾವಳಿಯಿಂದ ಇವರ ಸ್ವರ ಒಡೆದಿದೆ. ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ಕೂಗುವವರಿಗೆ ಗಂಟಲು ಕಟ್ಟದೆ ಏನಾಗುತ್ತದೆ ಎಂದು ಕಷಾಯ ಕುಡಿಸುತ್ತಾ ಇದ್ದೆ. ಈಗ ಒಳಗೆ ಗಡ್ಡೆ ಉಂಟು, ಮಣಿಪಾಲದ ಆಸ್ಪತ್ರೆಗೆ ಹೋಗಿ ಎಂದು ಇಲ್ಲಿನ ಡಾಕ್ಟರು ಹೇಳಿದ್ದಾರೆ.

ನಿನಗೆ ಗೊತ್ತಲ್ಲ, ಇವರು "ಮೂಡಬಿದ್ರೆ, ಮಂಗ್ಳೂರು, ಮಂಗ್ಳೂರು" ಎಂದು ಕೂಗಿದರೆ ಅನಂತಶಯನ ದೇವಸ್ಥಾನದವರೆಗೆ ಕೇಳುತ್ತಿತ್ತು. ಮದುವೆಗೆ ಮೊದಲು ನಾನು ಆ ಸ್ವರವನ್ನೇ ಮೊದಲು ಕೇಳಿದ್ದು, ಮುಖ ನೋಡಿದ್ದು ಆಮೇಲೆ. ಬಸ್ಸಿನ ಏಜೆಂಟರಿಗೆ ಸ್ವರ ಹೋದರೆ ಉಳಿಯುವುದೇನು? ಇವರು ನನ್ನೆದುರು ನಗುತ್ತಾರೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮೆಲ್ಲಗೆ ಊರಿನ ಹೆಸರುಗಳನ್ನು ಕೂಗಿ ನೋಡಿಕೊಳ್ಳುತ್ತಾರೆ.

ಇಲ್ಲಿನ ದೇವರುಗಳಿಗೆಲ್ಲ ಹೇಳಿಕೊಂಡಾಯಿತು, ಅತ್ತೂರಿನ ನಿಮ್ಮ ಸಂತ ಲಾರೆನ್ಸರಿಗೂ ಹೇಳಿದೆ. ನಿನ್ನ ಪತ್ರ ಬಂದದ್ದು ಅದೇ ವಾರ. ನನಗೆ ಅನಿಸಿತು, ಅಷ್ಟು ಎತ್ತರದಲ್ಲಿ, ಅಷ್ಟು ಹಿಂದಿನ ದೇವರು, ಯಾರೂ ಏನೂ ಕೇಳದೆ ಎಷ್ಟು ಕಾಲವಾಯಿತೋ. ಕೇಳಿದರೆ ಕೊಟ್ಟರೂ ಕೊಟ್ಟಾನು. ನಗಬೇಡ.

ಅಕ್ಕಸಾಲಿ ಆಚಾರ್ರ ಹತ್ತಿರ ಬೆಳ್ಳಿಯ ಒಂದು ಸಣ್ಣ ನಾಲಗೆ ಮಾಡಿಸಿದ್ದೇನೆ. ಕಣ್ಣಿನ ನೋವಿಗೆ ಬೆಳ್ಳಿಯ ಕಣ್ಣು, ಕಾಲಿನ ನೋವಿಗೆ ಬೆಳ್ಳಿಯ ಕಾಲು ಒಪ್ಪಿಸುವುದಿಲ್ಲವೇ, ಹಾಗೆ. ಬೆಳ್ಮಣ್ಣಿನ ಕ್ರಿಸ್ಟೋಫರ್ ಲಂಡನ್ನಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ತುದಿ ತಲುಪಿದ ಮೇಲೆ ದೇವರ ಎದುರು ಇಟ್ಟು, ಕಾರ್ಕಳದ ವಾಸುದೇವನ ಸ್ವರ ಉಳಿಸು ಎಂದು ಒಂದು ಮಾತು ಹೇಳಿ ಬಾ. ಕನ್ನಡದಲ್ಲೇ ಹೇಳು, ದೇವರಿಗೆ ತಿಳಿಯುತ್ತದೆ.

ಶ್ರೀಲತಾ


ಹಾರ್ಲ್ಸ್‌ಡನ್
೨೬ ಏಪ್ರಿಲ್ ೧೯೯೮

ಪ್ರೀತಿಯ ಲತಾ,

ಮೊನ್ನೆ ಬಂದು ತಲುಪಿದೆವು. ಮೂಗಿನ ಸಿಪ್ಪೆ ಇನ್ನೂ ಸುಲಿಯುತ್ತಿದೆ. ಕಾರ್ಕಳದ ಬಿಸಿಲು ತಿಂದು ಬೆಳೆದವಳಿಗೆ ಬಿಸಿಲಿನ ಬಗ್ಗೆ ಯಾರೂ ಹೇಳಬೇಡಿ ಎಂದು ಜಂಬ ಕೊಚ್ಚಿಕೊಂಡದ್ದಕ್ಕೆ ತಕ್ಕ ಶಾಸ್ತಿ.

ದೇವಸ್ಥಾನದ ಬಗ್ಗೆ ಹೇಳುತ್ತೇನೆ ಕೇಳು. ಬಸ್ಸು ಕಾಡಿನ ಅಂಚಿನಲ್ಲಿ ನಿಲ್ಲುತ್ತದೆ. ಸ್ವಲ್ಪ ದೂರ ನಡೆದರೆ ಮರಗಳ ನಡುವೆ ತಟ್ಟನೆ ಎದುರಿಗೆ ನಿಂತಿರುತ್ತದೆ, ನಾಲ್ಕು ಕಡೆಯೂ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಎತ್ತರ, ಅಗಲ ಮಾತ್ರ ಅರ್ಧ ಪಾದಕ್ಕೆ ಸಾಲುವಷ್ಟು. ನಡುವೆ ಹಿಡಿದುಕೊಳ್ಳಲು ಕಬ್ಬಿಣದ ಸರಪಳಿ. ಜೋಯ್ಲಿನ್ ಆಡಿನ ಮರಿಯಂತೆ ಹತ್ತಿಹೋದಳು. ನಾನು ಕೈಕಾಲು ಎರಡನ್ನೂ ಊರಿ, ನನ್ನ ಹಿಂದೆ ಬರುವವರಿಗೆ ಏನು ಕಾಣುತ್ತಿರಬಹುದು ಎಂದು ಯೋಚಿಸದೆ ಹತ್ತಿದೆ. ಗಿಲ್ಬರ್ಟ್ ಅರ್ಧಕ್ಕೆ ನಿಂತು, ದೃಶ್ಯ ಇಲ್ಲಿಂದಲೇ ಚೆನ್ನಾಗಿದೆ ಎಂದ.

ಮೇಲೆ ಗಾಳಿ. ಸುತ್ತ ಎಲ್ಲಿ ನೋಡಿದರೂ ಕಾಡು, ಒಂದು ಮನೆಯಿಲ್ಲ, ಒಂದು ಹೊಗೆಯಿಲ್ಲ. ನಮ್ಮವರು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ನೀನು ಕೊಟ್ಟದ್ದನ್ನು ಅಲ್ಲಿಟ್ಟು ಬಂದೆ. ಇಳಿಯುವಾಗ ಮಾತ್ರ ನನ್ನ ಮಾನ ಹೋಯಿತು, ಕೆಳಗೆ ನೋಡಿದರೆ ತಲೆ ತಿರುಗಿ ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಬಂದೆ. ಹೊಸ ಪ್ಯಾಂಟಿನ ಹಿಂಭಾಗ ಹರಿಯಿತು.

ಅಲ್ಲಿನ ಊಟ ನಿನಗೆ ಸೇರುತ್ತಿತ್ತು. ಜೋಳದ ರೊಟ್ಟಿ, ಕಾಳು, ಹಸಿಮೆಣಸು. ವಾಸಣ್ಣನಿಗೆ ಮಣಿಪಾಲದಲ್ಲಿ ಏನು ಹೇಳಿದರು? ಕೂಡಲೇ ಬರೆ.

ನಿನ್ನ
ಲೂಯಿಜಾ


ಕಾರ್ಕಳ
೨೦ ಮೇ ೧೯೯೮

ನನ್ನ ಲೂಯಿಜಾ,

ನಿನ್ನ ಪತ್ರವನ್ನು ಎಷ್ಟು ಜನರಿಗೆ ಓದಿ ಹೇಳಿದೆ ಎಂದು ಲೆಕ್ಕವಿಲ್ಲ. ನನ್ನ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ, ಆಚಾರ್ರಿಗೆ, ಬಸ್‌ಸ್ಟ್ಯಾಂಡಿನ ಹೂವಿನವಳಿಗೆ. ನಿನ್ನ ಪ್ಯಾಂಟು ಹರಿದದ್ದನ್ನು ಮಾತ್ರ ಬಿಟ್ಟು ಓದಿದೆ, ಆಚಾರ್ರ ಎದುರು ನಿನ್ನ ಮರ್ಯಾದೆ ಉಳಿಸಿದ್ದೇನೆ.

ಇವರಿಗೆ ಆವತ್ತಿನಿಂದ ಗೆಲುವು ಬಂದಿದೆ. ಮಣಿಪಾಲದಲ್ಲಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಸ್ವರ ಮೊದಲಿಗಿಂತ ವಾಸಿ ಎಂದು ಇವರು ಹೇಳುತ್ತಾರೆ, ನನಗೂ ಹಾಗೇ ಕೇಳುತ್ತದೆ. ಶಾಲೆಯ ಭೂಗೋಳ ತಂದು ನೋಡಿದರೆ ಮೆಕ್ಸಿಕೋ ಸುಮಾರು ನಮ್ಮ ಕಾಲ ಕೆಳಗೇ ಬರುತ್ತದೆ. ಈಗ ಇವರು ಬೆಳಿಗ್ಗೆ ಎದ್ದ ಕೂಡಲೇ ನೆಲ ಮುಟ್ಟಿ ನಮಸ್ಕಾರ ಮಾಡುತ್ತಾರೆ. ಎಲ್ಲ ದೇವರಿಗೆ ತಲೆ ಎತ್ತಿ ಕೈಮುಗಿದರೆ ಇವನೊಬ್ಬನಿಗೆ ಬಗ್ಗಿ ಮುಗಿಯಬೇಕಲ್ಲ ಮಾರಾಯ್ತಿ, ಎಂದು ನಗಿಸುತ್ತಾರೆ.

ನೀನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ವಿವರವಾಗಿ ಬರೆ. ದೇವರ ಮುಖ ಯಾವ ಕಡೆಗೆ? ಕಲ್ಲಿನದೋ, ಮರದ್ದೋ? ಉಗ್ರವೋ, ಶಾಂತವೋ? ನೀನು ಚಪ್ಪಲಿ ಕೆಳಗೆ ಬಿಟ್ಟಿದ್ದೆ ತಾನೆ? ಕಣ್ಣು ಮುಚ್ಚಿದರೆ ಕಾಣುವ ಹಾಗಿರಬೇಕು ಎನ್ನುತ್ತಾರೆ ಇವರು.

ಶ್ರೀಲತಾ


ಹಾರ್ಲ್ಸ್‌ಡನ್
೧೪ ಜೂನ್ ೧೯೯೮

ಪ್ರೀತಿಯ ಲತಾ,

ಉತ್ತರ ತಡವಾಯಿತು. ಫ್ಯಾಕ್ಟರಿಯಲ್ಲಿ ಶಿಫ್ಟು ಬದಲಾಗಿದೆ.

ದೇವರ ಮುಖ ಪೂರ್ವಕ್ಕೆ. ಕಲ್ಲಿನದು. ಶಾಂತವಾಗಿಯೇ ಇತ್ತು, ಕಣ್ಣು ಅರ್ಧ ಮುಚ್ಚಿದಂತೆ. ಚಪ್ಪಲಿ ಬಿಟ್ಟೇ ಹತ್ತಿದೆ, ಕಲ್ಲು ಕಾದಿತ್ತು. ನೀನು ಹೇಳಿದ ಮಾತನ್ನು ಹೇಳಿದೆ. ಇಷ್ಟೇ. ಆದರೆ ಲತಾ, ಅದೊಂದನ್ನೇ ನಂಬಿಕೊಂಡು ಕೂರಬೇಡಿ, ಡಾಕ್ಟರು ಹೇಳಿದ್ದನ್ನು ಮಾಡಿ. ಮತ್ತೆ ಇದನ್ನು ಊರಿಗೆಲ್ಲ ಓದಿ ಹೇಳಬೇಡ.

ವಾಸಣ್ಣನಿಗೆ ಉಣ್ಣೆಯ ಮಫ್ಲರ್ ಕಳಿಸುತ್ತಿದ್ದೇನೆ. ಕಾರ್ಕಳದ ಸೆಕೆಗೆ ಬೇಡದಿದ್ದರೂ ಆಸ್ಪತ್ರೆಯ ಫ್ಯಾನಿನ ಗಾಳಿಗೆ ಬೇಕಾದೀತು.

ಲೂಯಿಜಾ


ಕಾರ್ಕಳ
೩ ಸೆಪ್ಟೆಂಬರ್ ೧೯೯೮

ಲೂಯಿಜಾ,

ಜುಲೈಯಲ್ಲೂ ಆಗಸ್ಟಿನಲ್ಲೂ ನೀನು ಬರೆದ ಪತ್ರಗಳು ಬಂದವು. ಉತ್ತರ ಬರೆಯಲು ಕೈ ಬರಲಿಲ್ಲ.

ಗಡ್ಡೆ ಕೆಟ್ಟದ್ದೇ ಆಗಿತ್ತು. ಆಪರೇಶನ್ ಮಾಡಿ ಸ್ವರಪೆಟ್ಟಿಗೆಯನ್ನೇ ತೆಗೆದರು. ಜೀವಕ್ಕೆ ಈಗ ಭಯವಿಲ್ಲ, ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡಿದ್ದಾರೆ. ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲೇ ಉಸಿರಾಟ. ಮಾತು ಇಲ್ಲ. ಇನ್ನು ಬರುವುದೂ ಇಲ್ಲ. ಮನೆಗೆ ಬಂದ ದಿನ ನನ್ನನ್ನು ಕರೆಯಲು ಬಾಯಿ ತೆರೆದರು, ಏನೂ ಬರಲಿಲ್ಲ. ಚಮಚದಿಂದ ಲೋಟ ಬಡಿದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಆಮೇಲೆ ಹೋದೆ.

ನಿನಗೆ ಒಂದು ಮಾತು ಹೇಳಬೇಕು. ಇವರಿಗೂ ಹೇಳಿಲ್ಲ. ಹೊಸ ಬೆಳ್ಳಿ ಕೊಳ್ಳುವ ಸ್ಥಿತಿ ಆಗ ಇರಲಿಲ್ಲ. ನನ್ನ ಹಳೆಯ ಕಾಲ್ಗೆಜ್ಜೆ ಕೊಟ್ಟು ಕರಗಿಸಿ ಆ ನಾಲಗೆ ಮಾಡಿಸಿದೆ. ಆಚಾರ್ರು ಒಮ್ಮೆ ನನ್ನ ಮುಖ ನೋಡಿದರು, ಕಾಲಿಗೆ ಹಾಕಿದ್ದು ದೇವರಿಗೆ ಆಗುತ್ತದಾ ಅಕ್ಕ, ಎಂದು ಕೇಳಿದರು. ಕರಗಿಸಿದರೆ ಎಲ್ಲ ಒಂದೇ ಎಂದು ನಾನೇ ಬಾಯಿ ಮುಚ್ಚಿಸಿದೆ. ಮೆಕ್ಸಿಕೋದ ದೇವರಿಗೆ ಹೇಗೆ ಗೊತ್ತಾಗಬೇಕು ಎಂಬ ಕಳ್ಳಬುದ್ಧಿಯೂ ಇತ್ತು. ನೀನು ಅಷ್ಟು ಕಷ್ಟಪಟ್ಟು, ಬರಿಗಾಲಿನಲ್ಲಿ ಕಾದ ಕಲ್ಲು ಹತ್ತಿ, ನನ್ನ ಕಾಲಿನ ಕೊಳೆಯನ್ನು ದೇವರ ಎದುರು ಇಟ್ಟು ಬಂದ ಹಾಗಾಯಿತು. ಅವನು ಜೀವ ಉಳಿಸಿದ, ಸ್ವರ ತೆಗೆದುಕೊಂಡ. ಸರಿಯಾಗಿಯೇ ಲೆಕ್ಕ ಹಾಕಿದ.

ಇವರು ಈಗಲೂ ಬೆಳಿಗ್ಗೆ ನೆಲ ಮುಟ್ಟಿ ನಮಸ್ಕಾರ ಮಾಡುತ್ತಾರೆ. ನಾನು ಆ ಹೊತ್ತಿಗೆ ಅಲ್ಲಿ ನಿಲ್ಲುವುದಿಲ್ಲ. ನಿನ್ನನ್ನೂ ಪಾಪದಲ್ಲಿ ಸೇರಿಸಿದ್ದಕ್ಕೆ ಕ್ಷಮಿಸು.

ಶ್ರೀಲತಾ


ಹಾರ್ಲ್ಸ್‌ಡನ್
೨೦ ಸೆಪ್ಟೆಂಬರ್ ೧೯೯೮

ಲತಾ,

ನಿನ್ನ ಪತ್ರವನ್ನು ಫ್ಯಾಕ್ಟರಿಗೆ ಹೋಗುವ ಬಸ್ಸಿನಲ್ಲಿ ಓದಿದೆ. ಇಳಿಯಬೇಕಾದ ನಿಲ್ದಾಣದಲ್ಲಿ ಇಳಿಯಲಿಲ್ಲ.

ನಿನ್ನ ಕಾಲ್ಗೆಜ್ಜೆಯಿಂದ ಏನೂ ಆಗಿಲ್ಲ. ಅದು ಯಾವ ದೇವರ ಎದುರೂ ಹೋಗಿಲ್ಲ. ನಾನು ಇಡಲಿಲ್ಲ. ಆ ಬೆಳ್ಳಿ ಇಲ್ಲೇ ಇದೆ, ನನ್ನ ಕಪಾಟಿನಲ್ಲಿ, ನೀನು ಸುತ್ತಿ ಕಳಿಸಿದ ಕೆಂಪು ಬಟ್ಟೆಯಲ್ಲೇ.

ಚಪ್ಪಲಿ ಬಿಡಲಿಲ್ಲ, ಬೂಟು ಹಾಕಿಕೊಂಡೇ ಹತ್ತಿದೆ. ಮೇಲೆ ದೇವರೂ ಇರಲಿಲ್ಲ. ಒಂದು ಖಾಲಿ ಕಲ್ಲಿನ ಕೋಣೆ, ಬಾವಲಿಯ ವಾಸನೆ, ಗೋಡೆಯ ಮೇಲೆ ಬಂದವರು ಗೀಚಿದ ಹೆಸರುಗಳು. ಶಾಂತ ಮುಖ, ಅರ್ಧ ಮುಚ್ಚಿದ ಕಣ್ಣು, ಅದೆಲ್ಲ ನಾನು ಅಡುಗೆಮನೆಯ ಮೇಜಿನಲ್ಲಿ ಕೂತು ಹುಟ್ಟಿಸಿದ್ದು. ವಾಸಣ್ಣ ಕಣ್ಣು ಮುಚ್ಚಿ ಆ ಮುಖವನ್ನೇ ನೋಡುತ್ತಿದ್ದರು ಎಂದು ನೆನೆದರೆ ನನಗೆ ಈ ಭೂಮಿ ಬಾಯಿ ಬಿಡಬಾರದೇ ಅನಿಸುತ್ತದೆ.

ಯಾಕೆ ಇಡಲಿಲ್ಲ ಎಂದು ಕೇಳುತ್ತೀಯ. ಜೋಯ್ಲಿನ್ ಪಕ್ಕದಲ್ಲಿದ್ದಳು. ಅವಳಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ, ನಕ್ಕಾಳು ಎಂದು ನಾಚಿಕೆಯಾಯಿತು. ಆಮೇಲೆ ಇಡೋಣ, ಆಮೇಲೆ ಇಡೋಣ ಎನ್ನುವಷ್ಟರಲ್ಲಿ ಇಳಿಯಲು ಕರೆದರು. ನೀನು ಸೆರಗು ಸುಟ್ಟುಕೊಂಡು ನನ್ನ ಹರಕೆ ತೀರಿಸಿದವಳು. ನಿನ್ನದೊಂದು ಕೆಲಸ ನನ್ನಿಂದ ಆಗಲಿಲ್ಲ, ಆಗಿದೆ ಎಂದು ಸುಳ್ಳು ಬೇರೆ ಹೇಳಿದೆ.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಲೂಯಿಜಾ


ಕಾರ್ಕಳ
೧೧ ಅಕ್ಟೋಬರ್ ೧೯೯೮

ನನ್ನ ಲೂಯಿಜಾ,

ನಿನ್ನ ಪತ್ರದ ಮೊದಲ ನಾಲ್ಕು ಸಾಲು ಓದಿ ಅಲ್ಲೇ ನೆಲದ ಮೇಲೆ ಕೂತೆ. ಸಿಟ್ಟು ಬರಲಿಲ್ಲ, ನಿಜವಾಗಿ ಹೇಳುತ್ತೇನೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನನ್ನ ಗೆಜ್ಜೆಯಿಂದಲ್ಲ ಇವರ ಸ್ವರ ಹೋದದ್ದು. ಒಂದು ತಿಂಗಳಿನಿಂದ ನಾನು ಇವರ ಮುಖ ನೋಡಿ ಅನ್ನ ಬಡಿಸಿರಲಿಲ್ಲ, ಆ ದಿನ ಬಡಿಸಿದೆ. ಮುಂದಿನ ಸಾಲುಗಳನ್ನು ಓದುವ ಮೊದಲೇ ನಿನ್ನನ್ನು ಕ್ಷಮಿಸಿ ಆಗಿತ್ತು.

ಆಮೇಲೆ ಎಲ್ಲವನ್ನೂ ಇವರಿಗೆ ಓದಿ ಹೇಳಿದೆ, ಗೆಜ್ಜೆಯ ವಿಷಯವನ್ನೂ. ಬಾವಲಿಯ ವಾಸನೆ ಎಂಬಲ್ಲಿ ನಗಲು ಶುರುಮಾಡಿದರು. ಈಗ ನಗುವಾಗ ಶಬ್ದವಿಲ್ಲ, ಭುಜ ಕುಣಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಬಾವಲಿಗಳಿಗೆ ಇಷ್ಟು ದಿನ ನಮಸ್ಕಾರ ಹಾಕಿದೆನಲ್ಲ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದರು. ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದಾರೆ. ಕೂಗುವ ಬದಲು ಬಸ್ಸಿನ ಬದಿಗೆ ಅಂಗೈಯಿಂದ ಬಡಿಯುತ್ತಾರೆ. ಮಂಗಳೂರಿಗೆ ಒಂದು ಥರ, ಉಡುಪಿಗೆ ಇನ್ನೊಂದು ಥರ. ಜನರಿಗೆ ಈಗಾಗಲೇ ಅಭ್ಯಾಸವಾಗಿದೆ.

ಮಗಳ ಎದುರು ನಾಚಿಕೆಯಾಯಿತು ಎಂದಿದ್ದೀಯ. ಅದಕ್ಕೆ ಇಷ್ಟೊಂದು ಕೊರಗಬೇಕಾ? ಈಗಿನ ಮಕ್ಕಳ ಎದುರು ನಮಗೆ ಯಾವುದಕ್ಕೆ ನಾಚಿಕೆಯಾಗುವುದಿಲ್ಲ ಹೇಳು. ಅವಳಿಗೆ ಬೈಯಬೇಡ. ಸುಳ್ಳು ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ. ಹೇಳಿದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನನ್ನಿಂದ ನೀನು ಏನನ್ನೂ ಮುಚ್ಚಿಡಲಾರೆ ಎಂದು ಇವರಿಗೂ ಹೇಳಿದೆ.

ಆ ಬೆಳ್ಳಿ ನಿನ್ನಲ್ಲೇ ಇರಲಿ. ಜನವರಿಗೆ ಬಾ, ನಮ್ಮ ಮನೆಯಲ್ಲೇ ಇಳಿದುಕೋ.

ಶ್ರೀಲತಾ


ಹಾರ್ಲ್ಸ್‌ಡನ್
೨ ನವೆಂಬರ್ ೧೯೯೮

ಲತಾ,

ಇವತ್ತು ನಮ್ಮಲ್ಲಿ ಸತ್ತವರ ದಿನ. ಅಮ್ಮನಿಗಾಗಿ ಪೂಜೆಗೆ ಹೋಗಿ ಬಂದೆ. ಬಂದು ಇದನ್ನು ಬರೆಯುತ್ತಿದ್ದೇನೆ.

ನೀನು ಕ್ಷಮಿಸಿದ್ದು ನಾನು ಹೇಳಿದ ತಪ್ಪನ್ನು. ಮಾಡಿದ ತಪ್ಪು ಬೇರೆ. ನಾಚಿಕೆಯಾದದ್ದು ಜೋಯ್ಲಿನ್ ಎದುರು ಅಲ್ಲ. ಮೆಕ್ಸಿಕೋದಿಂದ ಬಂದ ಮೇಲೆ ಬರೆದ ಪತ್ರಗಳಲ್ಲಿ ನಿನಗೆ ಸುಳ್ಳು ಹೇಳಿದೆ, ಕಳೆದ ಪತ್ರದಲ್ಲಿ ತಪ್ಪನ್ನು ಮಗಳ ತಲೆಗೆ ಕಟ್ಟಿದೆ. ಪಾಪದ ಹುಡುಗಿ, ಅವಳೇ ಮೇಲೆ ಹೋದ ಕೂಡಲೇ, ಲತಾ ಆಂಟಿಯದ್ದು ಎಲ್ಲಿಡುವುದು, ಇಲ್ಲಿ ಗೋಡೆಯಲ್ಲಿ ಸಂದು ಉಂಟು ನೋಡು, ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದವಳು.

ನಾನು ಚೀಲದಿಂದ ಬೆಳ್ಳಿಯನ್ನು ಹೊರಗೆ ತೆಗೆದೆ, ಬಟ್ಟೆ ಬಿಡಿಸಿದೆ. ಬಗ್ಗುವಷ್ಟರಲ್ಲಿ ಕ್ಲಾರಿಸ್ಸಾ ಬಾಯಿ ಏದುಸಿರು ಬಿಡುತ್ತಾ ಮೇಲೆ ಬಂದರು, ಅವರ ಹಿಂದೆ ಮಂಡಳಿಯ ಉಳಿದವರು. ನನ್ನ ಅಂಗೈ ನೋಡಿದರು. "ಎಂತ ಇದು, ಲೂಯಿಜಾ? ಇಲ್ಲಿ ಎಂತ ಮಾಡ್ಲಿಕ್ಕೆ ಹೊರಟದ್ದು ನೀನು?" ಎಂದು ಕೇಳಿದರು. ಜೋರಾಗಿ ಅಲ್ಲ, ನಗುತ್ತಾ. ಎಲ್ಲರೂ ನೋಡಿದರು. ಊರಿನಲ್ಲಾಗಿದ್ದರೆ ಇದೊಂದು ವಿಷಯವೇ ಅಲ್ಲ. ನಮ್ಮವರು ನಿಮ್ಮ ದೇವರಿಗೆ ಹರಕೆ ಹೇಳುವುದೂ ನಿಮ್ಮವರು ಅತ್ತೂರಿಗೆ ಬರುವುದೂ ನಾವು ಹುಟ್ಟುವ ಮೊದಲಿನಿಂದ ನಡೆದದ್ದು. ಆದರೆ ಅಲ್ಲಿ ನಾನು ಮೊದಲ ಸಲ ಅವರ ಸಾಲಿನಲ್ಲಿ ನಿಂತಿದ್ದೆ. ಹಿಂದಿನ ದಿನ ಊಟಕ್ಕೆ ತಮ್ಮ ಪಕ್ಕ ಕೂರಿಸಿಕೊಂಡಿದ್ದರು.

ಗೆಳತಿ ಕೊಟ್ಟದ್ದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: "ಊರಲ್ಲಿ ನಮ್ಮ ಮನೆ ಕೆಲ್ಸಕ್ಕೆ ಬರ್ತಿದ್ದವಳು ಕೊಟ್ಟದ್ದು. ಪಾಪ, ಅವಳಿಗೆ ಗೊತ್ತಾಗುದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಳ್ಳಿಯನ್ನು ಚೀಲಕ್ಕೆ ಹಾಕಿಕೊಂಡೆ. ಕ್ಲಾರಿಸ್ಸಾ ಬಾಯಿ ನನ್ನ ಭುಜ ಹಿಡಿದು ಫೋಟೋಕ್ಕೆ ನಿಲ್ಲಿಸಿದರು. ಕೆಳಗೆ ಇಳಿಯುವಾಗ ತಲೆ ತಿರುಗಿದ್ದು ನಿಜ, ಎತ್ತರದಿಂದ ಅಲ್ಲ.

ಯಾರ ಮನೆಯ ಕೆಲಸಕ್ಕೆ ಯಾರು ಬರುತ್ತಿದ್ದರು ಎಂದು ನಿನಗೆ ಗೊತ್ತು. ನಿಮ್ಮ ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದದ್ದು ನನ್ನ ಅಮ್ಮ. ಅವಳು ಕುಟ್ಟಿ ಮುಗಿಸುವವರೆಗೆ ನಾವಿಬ್ಬರು ಅಲ್ಲೇ ಆಡುತ್ತಿದ್ದೆವು, ಹಾಗಲ್ಲವೇ ನಾವು ಗೆಳತಿಯರಾದದ್ದು. ಐದನೇ ಕ್ಲಾಸಿನವರೆಗೆ ನಾನು ಶಾಲೆಗೆ ಬಂದದ್ದು ನಿನ್ನ ಹಳೆಯ ಲಂಗ ತೊಟ್ಟು. ಒಂದು ಲಂಗಕ್ಕೆ ನಿನ್ನ ಹೆಸರಿನ ಅಕ್ಷರ ಕಸೂತಿ ಹಾಕಿತ್ತು. ಹುಡುಗಿಯರು ಕೇಳಿದಾಗ, ಅದು ಅವಳದ್ದೇ, ನನ್ನ ಅಕ್ಷರ ಅವಳೇ ಹಾಕಿಸಿಕೊಂಡದ್ದು, ಎಂದು ನೀನು ಹೇಳಿದೆ. ನನಗೆ ಒಂದು ದಿನವೂ ಅದನ್ನು ನೆನಪಿಸಲಿಲ್ಲ.

ಜೋಯ್ಲಿನ್ ಆವತ್ತು ನಗಲಿಲ್ಲ. ಕಳೆದ ವಾರ ನಿನ್ನ ಪತ್ರ ಬಂದಾಗ ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ಅಮ್ಮ, ಆಂಟಿಗೆ ಗೊತ್ತಾ ನೀನು ಅವರನ್ನು ಏನಂದೆ ಅಂತ, ಎಂದು ಕೇಳಿದಳು. ಅವಳನ್ನು ಕೂರಿಸಿ ಅಮ್ಮನ ವಿಷಯ, ಭತ್ತದ ವಿಷಯ, ಲಂಗದ ವಿಷಯ ಎಲ್ಲ ಹೇಳಿದೆ. ಅಷ್ಟು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ, ತನ್ನ ಅಜ್ಜಿ ಏನು ಮಾಡುತ್ತಿದ್ದಳೆಂದು. ನಿನ್ನೊಬ್ಬಳ ಬಗ್ಗೆ ನಾಚಿಕೊಂಡದ್ದಲ್ಲ ಲತಾ, ಅಮ್ಮನ ಬಗ್ಗೆಯೂ ನಾಚಿಕೊಂಡೆ. ಆ ಅಮ್ಮನಿಗೆ ಇವತ್ತು ಬೆಳಿಗ್ಗೆ ಮೊಂಬತ್ತಿ ಹಚ್ಚಿದೆ. ನನ್ನ ಕೈ ಸುಡಲಿಲ್ಲ.

ಜನವರಿಗೆ ಬಾ ಎಂದಿದ್ದೀಯ. ಈ ಪತ್ರ ಓದಿದ ಮೇಲೆ ಬಾ ಎಂದರೆ ಬರುತ್ತೇನೆ, ಬೇಡ ಎಂದರೆ ಇಲ್ಲ. ವಾಸಣ್ಣನಿಗೂ ಓದಿ ಹೇಳು.

ಕ್ಷಮಿಸು ಎಂದು ಮಾತ್ರ ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ.

ಲೂಯಿಜಾ